ಸೌದೆಯ ಲೆಕ್ಕ: ತೂಕಕ್ಕೆ ಹಣವೋ, ಶಾಖಕ್ಕೆ ಹಣವೋ?

ಕೆಲವು ವರ್ಷಗಳ ಹಿಂದೆ ನಂಜನಗೂಡಿನ ಹೋಟೆಲೊಂದರ ವಾರ್ಷಿಕ ಲೆಕ್ಕ ಪರಿಶೋಧನೆಯ ಸಂದರ್ಭದಲ್ಲಿ ಉಗ್ರಾಣದ ದಾಸ್ತಾನು ಪುಸ್ತಕವನ್ನು ಪರಿಶೀಲಿಸುತ್ತಿದ್ದೆ. ಜನವರಿಯ ಮೊದಲ ವಾರದಲ್ಲಿ ಹಸಿ ನೀಲಗಿರಿ ಸೌದೆ 10 ಟನ್ ಖರೀದಿಯಾಗಿತ್ತು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಅಡುಗೆ ಮನೆಗೆ ತೂಗಿ ಕೊಟ್ಟದ್ದು ಒಟ್ಟು 6,900 ಕೆ.ಜಿ. ಗೋದಾಮು ಖಾಲಿಯಾಗಿತ್ತು. ಕೊರತೆ 3,100 ಕೆ.ಜಿ. ಟನ್ನಿಗೆ 4,000 ರೂಪಾಯಿಯಂತೆ 12,400 ರೂಪಾಯಿಗಳನ್ನು ಉಗ್ರಾಣಿಯ ಸಂಬಳದಲ್ಲಿ ಹಿಡಿದುಕೊಂಡು ಆತನನ್ನು ಕೆಲಸದಿಂದ ಬಿಡಿಸಲು ಯಜಮಾನರು ನಿರ್ಧರಿಸಿದ್ದರು. ಹನ್ನೊಂದು ವರ್ಷ ದುಡಿದಿದ್ದ ಆ ಮನುಷ್ಯ ನನ್ನ ಮುಂದೆ ನಿಂತು ಹೇಳಿದ್ದು ಒಂದೇ ಮಾತು: "ಒಣಗಿದ್ದು ಸ್ವಾಮಿ, ಕದ್ದಿದ್ದಲ್ಲ."

ಅದೇ ವಾರ ಅದೇ ವ್ಯಾಪಾರಿಯಿಂದ ಮತ್ತೊಂದು ಲೋಡು ಹಸಿ ಸೌದೆ ಬಂದಿತ್ತು. ಅದರಿಂದ ಒಂದು ಕೆ.ಜಿ. ಚೂರುಗಳನ್ನು ಪರಿಚಯದ ಬೇಕರಿಯ ಓವನ್ನಿನಲ್ಲಿ ಹದವಾದ ಬಿಸಿಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿದೆವು. ಉಳಿದದ್ದು 550 ಗ್ರಾಂ. ಅಡುಗೆ ಮನೆಯಲ್ಲಿ ಮಿಕ್ಕಿದ್ದ ಹಳೆಯ ಸೌದೆಯ ಒಂದು ಕೆ.ಜಿ.ಯನ್ನೂ ಹಾಗೆಯೇ ಪರೀಕ್ಷಿಸಿದಾಗ 800 ಗ್ರಾಂ ಉಳಿಯಿತು. ಲೆಕ್ಕ ಸರಳವಾದದ್ದು. ಹತ್ತು ಟನ್ ಹಸಿ ಸೌದೆಯಲ್ಲಿ ನಿಜವಾದ ಮರ 5.5 ಟನ್. ಆ 5.5 ಟನ್ ಮರ ಶೇಕಡ 20 ತೇವಾಂಶದ ಸ್ಥಿತಿಗೆ ಬಂದಾಗ ತೂಗಬೇಕಾದದ್ದು 5.5 ಭಾಗಿಸು 0.8, ಅಂದರೆ 6,875 ಕೆ.ಜಿ. ಪುಸ್ತಕದಲ್ಲಿದ್ದದ್ದು 6,900. ಉಗ್ರಾಣಿಯ ಮಾತು ಸತ್ಯಕ್ಕೆ 25 ಕೆ.ಜಿ.ಯಷ್ಟು ಸಮೀಪದಲ್ಲಿತ್ತು. ಕಳುವಾಗಿದ್ದದ್ದು ನೀರು, ಕದ್ದದ್ದು ಬಿಸಿಲು.

ಆತನ ಕೆಲಸ ಉಳಿಯಿತು. ಆದರೆ ಆ ಘಟನೆ ನನ್ನಲ್ಲಿ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸಿತು. ಯಜಮಾನರು 40,000 ರೂಪಾಯಿ ಕೊಟ್ಟು ಕೊಂಡದ್ದಾದರೂ ಏನನ್ನು? ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಹೋಟೆಲು, ಬೇಕರಿ, ಕಲ್ಯಾಣ ಮಂಟಪ, ಅಡುಗೆ ಗುತ್ತಿಗೆ, ಇಟ್ಟಿಗೆ ಗೂಡು ಮುಂತಾದ ಉದ್ಯಮಗಳಲ್ಲಿ ತೊಡಗಿರುವ ಸದಸ್ಯ ಬಂಧುಗಳಿಗೆ ಈ ಪ್ರಶ್ನೆ ಉಪಯುಕ್ತವಾದೀತೆಂದು ಭಾವಿಸಿ ಪ್ರಸ್ತುತ ಲೇಖನವನ್ನು ಬರೆಯಲಾಗಿದೆ.

ಮೊದಲ ಪ್ರಶ್ನೆ: ಎಷ್ಟು ಒಣಗಿದೆ?

ಸೌದೆ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಯಾವ ಮರ?" ಎಂಬುದು. ವಾಸ್ತವವಾಗಿ ಇದು ಎರಡನೆಯ ಪ್ರಶ್ನೆಯಾಗಬೇಕು. ಸಂಪೂರ್ಣ ಒಣಗಿದ ಸ್ಥಿತಿಯಲ್ಲಿ ಒಂದು ಕೆ.ಜಿ. ಮರ ಕೊಡುವ ಶಾಖ ಜಾತಿಯಿಂದ ಜಾತಿಗೆ ಹೆಚ್ಚು ಬದಲಾಗುವುದಿಲ್ಲ. ಸ್ಥೂಲವಾಗಿ 4,400 ಕಿಲೋ ಕ್ಯಾಲರಿ ಎಂದು ಇಟ್ಟುಕೊಂಡರೆ ವ್ಯವಹಾರಕ್ಕೆ ಸಾಕು. ಅಗಾಧವಾಗಿ ಬದಲಾಗುವುದು ತೇವಾಂಶ. ಮರದೊಳಗಿನ ಪ್ರತಿ ಕೆ.ಜಿ. ನೀರು ತಾನು ಶಾಖ ಕೊಡುವುದಿಲ್ಲ. ಅಷ್ಟೇ ಅಲ್ಲದೆ, ಆವಿಯಾಗಿ ಹೋಗಲು ಸುಮಾರು 600 ಕಿಲೋ ಕ್ಯಾಲರಿಯನ್ನು ಒಲೆಯಿಂದಲೇ ಕಿತ್ತುಕೊಳ್ಳುತ್ತದೆ. ಈ ಎರಡು ಅಂಶಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಒಂದು ಕೆ.ಜಿ. ಸೌದೆಯಿಂದ ದೊರೆಯುವ ಶಾಖ ಹೀಗಿರುತ್ತದೆ:

ತೇವಾಂಶ ಶೇ. 50 ಇದ್ದಾಗ: 1,900 ಕಿಲೋ ಕ್ಯಾಲರಿ
ಶೇ. 45 ಇದ್ದಾಗ: 2,150
ಶೇ. 35 ಇದ್ದಾಗ: 2,650
ಶೇ. 20 ಇದ್ದಾಗ: 3,400
ಶೇ. 15 ಇದ್ದಾಗ: 3,650

ಈಗ ಬೆಲೆಯನ್ನು ಅಳವಡಿಸೋಣ. ಶೇ. 45 ತೇವಾಂಶದ ಹಸಿ ಸೌದೆ ಟನ್ನಿಗೆ 4,000 ರೂಪಾಯಿ ಎಂದಾದರೆ, ಒಂದು ರೂಪಾಯಿಗೆ ದೊರೆಯುವ ಶಾಖ ಸುಮಾರು 537 ಕಿಲೋ ಕ್ಯಾಲರಿ. ಶೇ. 20 ತೇವಾಂಶದ ಒಣ ಸೌದೆ ಟನ್ನಿಗೆ 5,500 ರೂಪಾಯಿ ಎಂದಾದರೆ, ಒಂದು ರೂಪಾಯಿಗೆ 618. ಅಂದರೆ ಟನ್ನಿಗೆ 1,500 ರೂಪಾಯಿ ಹೆಚ್ಚು ತೆತ್ತವರೇ ಅಗ್ಗವಾಗಿ ಕೊಂಡಂತಾಯಿತು. ಈ ಉದಾಹರಣೆಯಲ್ಲಿ ಒಣ ಸೌದೆಗೆ 6,300 ರೂಪಾಯಿಯವರೆಗೆ ಕೊಟ್ಟರೂ ನಷ್ಟವಿಲ್ಲ. ದರಗಳು ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುವುದರಿಂದ ಓದುಗರು ತಮ್ಮ ದರವನ್ನು ಹಾಕಿಕೊಂಡು ಇದೇ ಕ್ರಮದಲ್ಲಿ ಲೆಕ್ಕ ಮಾಡಬಹುದು.

ತೇವಾಂಶ ಅಳೆಯುವ ಸಣ್ಣ ಮೀಟರುಗಳು ಈಗ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಸಾಮಾನ್ಯವಾಗಿ ನೀರಿನ ತೂಕವನ್ನು ಒಣ ಮರದ ತೂಕಕ್ಕೆ ಹೋಲಿಸಿ ಅಂಕಿ ತೋರಿಸಲಾಗುತ್ತದೆ. ಮೇಲಿನ ಪಟ್ಟಿಯಲ್ಲಿರುವುದು ಒಟ್ಟು ತೂಕದಲ್ಲಿ ನೀರಿನ ಪಾಲು. ಮೀಟರು 25 ಎಂದು ತೋರಿಸಿದರೆ ಪಟ್ಟಿಯ ಲೆಕ್ಕದಲ್ಲಿ ಅದು ಶೇ. 20. ಜೊತೆಗೆ, ಮೀಟರನ್ನು ತುಂಡಿನ ಹೊರ ಮೈಗೆ ಚುಚ್ಚಬಾರದು. ಆಗ ತಾನೇ ಸೀಳಿದ ಒಳ ಮುಖಕ್ಕೆ ಚುಚ್ಚಬೇಕು. ಮೀಟರು ಇಲ್ಲದವರಿಗೂ ಹಳೆಯ ಗುರುತುಗಳಿವೆ. ಒಣಗಿದ ತುಂಡಿನ ತುದಿಯಲ್ಲಿ ಬಿರುಕುಗಳು ಬಿಟ್ಟಿರುತ್ತವೆ, ತೊಗಟೆ ಸಡಿಲವಾಗಿರುತ್ತದೆ, ಎರಡು ತುಂಡುಗಳನ್ನು ಬಡಿದರೆ ಟಣ್ ಎನ್ನುತ್ತದೆ. ಹಸಿ ತುಂಡು ದೊಪ್ಪನೆ ಸದ್ದು ಮಾಡುತ್ತದೆ. ಒಲೆಗಿಟ್ಟರೆ ತುದಿಯಲ್ಲಿ ನೊರೆ ಉಕ್ಕುತ್ತದೆ.

ಎರಡನೆಯ ಪ್ರಶ್ನೆ: ಯಾವ ಮರ?

ಒಂದು ಕೆ.ಜಿ.ಯ ಶಾಖ ಬಹುತೇಕ ಸಮಾನವಾಗಿದ್ದರೆ ಮರದ ಜಾತಿಯಿಂದ ಏನು ವ್ಯತ್ಯಾಸ? ಉತ್ತರ ಸಾಂದ್ರತೆಯಲ್ಲಿದೆ. ಗಟ್ಟಿ ಮರ ನಿಧಾನವಾಗಿ ಉರಿದು ಬಹುಕಾಲ ಬಾಳುವ ಕೆಂಡವನ್ನು ಕೊಡುತ್ತದೆ. ಹಗುರ ಮರ ಬೇಗ ಹತ್ತಿಕೊಂಡು ಬೇಗ ಮುಗಿಯುತ್ತದೆ. ಯಾವ ಕೆಲಸಕ್ಕೆ ಯಾವುದು ಎಂಬುದೇ ಇಲ್ಲಿನ ವಿವೇಕ.

ಸರ್ವೆ ಮರ ಉರುವಲಿಗೆ ಅತ್ಯುತ್ತಮವಾದವುಗಳಲ್ಲೊಂದು. ಅದರ ಎಲೆ ಸೂಜಿಯಂತೆ ಕಾಣುವುದರಿಂದ ಪೈನ್ ಜಾತಿಯದೆಂದು ಹಲವರು ತಿಳಿಯುತ್ತಾರೆ; ಅದು ತಪ್ಪು. ಪೈನ್ ಮರದಲ್ಲಿರುವ ರಾಳ ಇದರಲ್ಲಿಲ್ಲ. ಕರಿಜಾಲಿ, ಹುಣಸೆ ಮರಗಳು ಗಟ್ಟಿಯಾದವು. ದೀರ್ಘಕಾಲ ಸಮಶಾಖ ಬೇಕಾದ ಅನ್ನದ ಕೊಪ್ಪರಿಗೆ, ಬೇಕರಿಯ ಇಟ್ಟಿಗೆ ಓವನ್ನುಗಳಿಗೆ ಸೂಕ್ತ. ಹುಣಸೆಯನ್ನು ಸೀಳುವುದು ಕಷ್ಟವಾದ್ದರಿಂದ ಸೀಳುವ ಕೂಲಿಯನ್ನು ಬೆಲೆಗೆ ಸೇರಿಸಿಯೇ ಹೋಲಿಸಬೇಕು. ನೀಲಗಿರಿ ಹೇರಳವಾಗಿ ದೊರೆಯುವ ಮರ; ಚೆನ್ನಾಗಿ ಒಣಗಿದರೆ ಬಿರುಸಾಗಿ ಉರಿಯುತ್ತದೆ. ಆದರೆ 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿರ್ಬಂಧಿಸಿದ್ದರಿಂದ ಈ ಒಂದೇ ಮರವನ್ನು ನೆಚ್ಚಿಕೊಂಡು ದೀರ್ಘಾವಧಿಯ ಯೋಜನೆ ಹಾಕುವುದು ಜಾಣತನವಲ್ಲ. ಮಾವು ಮಧ್ಯಮ ದರ್ಜೆಯದು. ಸಿಲ್ವರ್ ಓಕ್ ಹಗುರ. ರೇಷ್ಮೆ ಕೃಷಿಯುಳ್ಳ ತಿ. ನರಸೀಪುರ ತಾಲ್ಲೂಕಿನಲ್ಲಿ ಹುಳುಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಎಲ್ಲೆಡೆ ಇರುವ ತೆಂಗಿನ ಮಟ್ಟೆ ಮತ್ತು ಗರಿಗಳು ಒಲೆ ಹೊತ್ತಿಸುವುದಕ್ಕೆ, ಥಟ್ಟನೆ ಉರಿ ಏರಿಸುವುದಕ್ಕೆ ಒಳ್ಳೆಯವು. ದಿನವಿಡೀ ಉರಿಸುವುದಕ್ಕೆ ಅವನ್ನೇ ನಂಬಿದರೆ ಒಲೆಯ ಮುಂದೆ ಒಬ್ಬ ಆಳನ್ನು ಸದಾ ನಿಲ್ಲಿಸಬೇಕಾಗುತ್ತದೆ. ಆ ಕೂಲಿಯೂ ಉರುವಲಿನ ಖರ್ಚೇ.

ಹೊಗೆಯಲ್ಲಿಯೇ ಮಾಂಸವನ್ನು ಗಂಟೆಗಟ್ಟಲೆ ಬೇಯಿಸುವ ಅಮೆರಿಕದ ಬಾರ್ಬೆಕ್ಯೂ ಪದ್ಧತಿಯನ್ನು ಇಲ್ಲಿ ಸ್ಮರಿಸಬಹುದು. ಬೇಯಿಸುವ ಪೆಟ್ಟಿಗೆಯ ಪಕ್ಕಕ್ಕೆ ಬೆಂಕಿಯ ಪೆಟ್ಟಿಗೆಯನ್ನು ಜೋಡಿಸಿ, ಶಾಖ ಮತ್ತು ಹೊಗೆ ಎರಡನ್ನೂ ಮಾಂಸದ ಮೇಲೆ ಹಾಯಿಸುವ ಯಂತ್ರ ಅವರದು. ಅಲ್ಲಿ ಓಕ್, ಹಿಕರಿ, ಟೆಕ್ಸಾಸಿನಲ್ಲಿ ಮೆಸ್ಕೀಟ್ ಮರಗಳನ್ನು ಬಳಸುತ್ತಾರೆ. ಈ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಕುಲಕ್ಕೇ ಸೇರಿದ್ದು ಎಂಬುದು ಗಮನಾರ್ಹ. ರಾಳವಿರುವ ಪೈನ್ ಮರವನ್ನು ಅವರು ದೂರವಿಡುತ್ತಾರೆ. ಅದರಿಂದ ಮಸಿ ಮತ್ತು ಕಹಿ ಬರುತ್ತದೆ. ಅವರ ಅನುಭವದ ಸಾರ ನಮಗೂ ಅನ್ವಯಿಸುತ್ತದೆ. ದೊಡ್ಡ ಬೆಂಕಿ ಹಾಕಿ ಗಾಳಿಯನ್ನು ಮುಚ್ಚಿ ಉಸಿರುಗಟ್ಟಿಸುವುದಕ್ಕಿಂತ, ಒಣ ಸೌದೆಯ ಚಿಕ್ಕ ಬೆಂಕಿಯನ್ನು ಧಾರಾಳ ಗಾಳಿಯಲ್ಲಿ ಉರಿಸುವುದು ಲೇಸು. ಬಿಳಿಯ ದಟ್ಟ ಹೊಗೆ ಉರಿಯದೆ ಹೋದ ಇಂಧನ. ಅಂದರೆ ಚಿಮಣಿಯಿಂದ ಹೊರಹೋಗುತ್ತಿರುವ ಹಣ.

ಉರಿಸಬಾರದ ಮರ

ನಂಜನಗೂಡು ಕೈಗಾರಿಕಾ ಪ್ರದೇಶಕ್ಕೆ ಹತ್ತಿರವಿರುವ ಉದ್ಯಮಿಗಳಿಗೆ ಹಳೆಯ ಪ್ಯಾಲೆಟ್ಟು, ಪ್ಯಾಕಿಂಗ್ ಪೆಟ್ಟಿಗೆಗಳ ಮರ ಅಗ್ಗವಾಗಿ ದೊರೆಯುವುದುಂಟು. ಒಣಗಿರುವುದರಿಂದ ಆಕರ್ಷಕವೂ ಹೌದು. ಆದರೆ ಅಂತರರಾಷ್ಟ್ರೀಯ ಸಾಗಣೆಯ ಪ್ಯಾಲೆಟ್ಟುಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆಯೊಂದಿರುತ್ತದೆ. ಅದನ್ನು ಓದದೆ ಕೊಳ್ಳಬಾರದು. ಮುದ್ರೆಯಲ್ಲಿ "ಎಚ್.ಟಿ." ಎಂದು ಸೂಚಿಸುವ ಅಕ್ಷರಗಳಿದ್ದರೆ ಮರವನ್ನು ಶಾಖದಿಂದ ಸಂಸ್ಕರಿಸಲಾಗಿದೆ ಎಂದರ್ಥ. "ಎಂ.ಬಿ." ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಿದ್ದು, ಆಹಾರದ ಒಲೆಯ ಹತ್ತಿರವೂ ತರಬಾರದು. ಎಚ್.ಟಿ. ಮುದ್ರೆ ಇದ್ದರೂ ಅದರ ಮೇಲೆ ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಕಲೆ ಇದ್ದರೆ ಬೇಡ. ಪ್ಲೈವುಡ್, ಬಣ್ಣ ಬಳಿದ ಬಾಗಿಲು ಚೌಕಟ್ಟು, ಕ್ರಿಯೋಸೋಟ್ ಹಚ್ಚಿದ ಹಳೆಯ ರೈಲ್ವೆ ಸ್ಲೀಪರು ಸರ್ವಥಾ ನಿಷಿದ್ಧ. ಬೇಲಿಯ ಕಣಗಿಲೆ ವಿಷದ ಗಿಡ, ಒಲೆಗೆ ಹಾಕಬಾರದು. ಓವನ್ನಿನ ಒಳಗೇ ಸೌದೆ ಉರಿಸಿ, ಕೆಂಡ ಎಳೆದು, ಅದೇ ಕಲ್ಲಿನ ಮೇಲೆ ಬ್ರೆಡ್ಡು ಬೇಯಿಸುವ ಬೇಕರಿಗಳು ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಎಚ್ಚರವಹಿಸಬೇಕು. ಅಲ್ಲಿ ಉರಿದದ್ದರ ಶೇಷ ಗ್ರಾಹಕನ ತಟ್ಟೆಗೇ ಹೋಗುತ್ತದೆ.

ಸೌದೆಯೋ, ಗ್ಯಾಸೋ?

"ಸೌದೆ ಅಗ್ಗ, ಗ್ಯಾಸು ದುಬಾರಿ" ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಇದು ಅರ್ಧ ಸತ್ಯ. ಇಂಧನದಲ್ಲಿರುವ ಶಾಖವೆಲ್ಲ ಪಾತ್ರೆಗೆ ಸೇರುವುದಿಲ್ಲ. ಚಿಮಣಿ ಇಲ್ಲದ, ಬಾಯಿ ಅಗಲವಾದ ಹಳೆಯ ಒಲೆಯಲ್ಲಿ ಹಸಿ ಸೌದೆ ಉರಿಸಿದರೆ ಪಾತ್ರೆಗೆ ಸೇರುವ ಪಾಲು ಶೇ. 10, ಒಣ ಸೌದೆಗೆ ಶೇ. 15 ಎಂದಿಟ್ಟುಕೊಳ್ಳೋಣ. ತುರಿಯುವ ಜಾಲರಿ, ಗಾಳಿಯ ದಾರಿ, ಚಿಮಣಿಗಳಿರುವ ಸುಧಾರಿತ ಒಲೆಗೆ ಶೇ. 25, ಗ್ಯಾಸ್ ಬರ್ನರಿಗೆ ಶೇ. 60. ಹತ್ತೊಂಬತ್ತು ಕೆ.ಜಿ.ಯ ವಾಣಿಜ್ಯ ಸಿಲಿಂಡರು ಉದಾಹರಣೆಗೆ 1,800 ರೂಪಾಯಿ, ಕೆ.ಜಿ.ಗೆ 11,000 ಕಿಲೋ ಕ್ಯಾಲರಿ ಎಂದಾದರೆ, ಒಂದು ರೂಪಾಯಿಗೆ ಪಾತ್ರೆಗೆ ತಲುಪುವ ಶಾಖ ಹೀಗಿದೆ:

ಹಸಿ ಸೌದೆ, ಹಳೆಯ ಒಲೆ: 54 ಕಿಲೋ ಕ್ಯಾಲರಿ
ವಾಣಿಜ್ಯ ಗ್ಯಾಸ್: 70
ಒಣ ಸೌದೆ, ಹಳೆಯ ಒಲೆ: 93
ಒಣ ಸೌದೆ, ಸುಧಾರಿತ ಒಲೆ: 154

ಈ ಉದಾಹರಣೆಯಂತೆ ಹಸಿ ಸೌದೆಯನ್ನು ಹಳೆಯ ಒಲೆಯಲ್ಲಿ ಉರಿಸುವವರು ಗ್ಯಾಸಿಗಿಂತ ದುಬಾರಿಯಾದ ಇಂಧನವನ್ನು, ಹೊಗೆಯನ್ನೂ ಜೊತೆಗೆ ಪಡೆದು, ಕೊಳ್ಳುತ್ತಿದ್ದಾರೆ. ಸೌದೆಯ ಲಾಭವಿರುವುದು ಒಣಗಿಸುವುದರಲ್ಲಿ ಮತ್ತು ಒಲೆಯನ್ನು ಸರಿಪಡಿಸುವುದರಲ್ಲಿ. ಒಲೆಯ ಸುಧಾರಣೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತಾಗಿತ್ತು. ಮುಚ್ಚಿದ ಉರಿಗೂಡು, ಗಾಳಿಗೆ ಅಳತೆಯ ದಾರಿ, ಹೊಗೆಗೆ ಚಿಮಣಿ ಎಂಬ ಅದರ ತತ್ತ್ವ ಹೋಟೆಲಿನ ದೊಡ್ಡ ಒಲೆಗೂ ಅನ್ವಯಿಸುತ್ತದೆ. ಚಿಮಣಿಯಿಂದ ಇನ್ನೊಂದು ಪ್ರಯೋಜನವಿದೆ. ಅದು ಲಾಭ ನಷ್ಟದ ಪಟ್ಟಿಯಲ್ಲಿ ಕಾಣುವುದಿಲ್ಲ. ಒಲೆಯ ಮುಂದೆ ಇಡೀ ದಿನ ನಿಲ್ಲುವ ಅಡುಗೆಯವರ ಕಣ್ಣು ಮತ್ತು ಶ್ವಾಸಕೋಶ ಉಳಿಯುತ್ತವೆ.

ತೆರಿಗೆಯ ಅಂಶವನ್ನೂ ಹೋಲಿಕೆಯಲ್ಲಿ ಸೇರಿಸಬೇಕು. ಉರುವಲು ಸೌದೆಗೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿ ಇದೆ. ವಾಣಿಜ್ಯ ಗ್ಯಾಸಿಗೆ ಶೇ. 18 ತೆರಿಗೆ. ಹೂಡುವಳಿ ತೆರಿಗೆ ಜಮೆ ಇಲ್ಲದೆ ಶೇ. 5 ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ, ಹಾಗೂ ರಾಜಿ ತೆರಿಗೆ ಪದ್ಧತಿಯವರಿಗೆ, ಆ ಶೇ. 18 ಪೂರ್ಣ ಖರ್ಚು. ಅವರು ತೆರಿಗೆ ಸೇರಿದ ಬೆಲೆಯನ್ನು ಹೋಲಿಸಬೇಕು. ಜಮೆ ಪಡೆಯಲು ಅರ್ಹರಾದ ತಯಾರಕರು ತೆರಿಗೆ ಕಳೆದ ಬೆಲೆಯನ್ನು ಹೋಲಿಸಬೇಕು. ಒಂದೇ ಬೀದಿಯ ಎರಡು ಸಂಸ್ಥೆಗಳಿಗೆ ಉತ್ತರ ಬೇರೆಯಾಗಬಹುದು.

ಯಾವಾಗ ಕೊಳ್ಳಬೇಕು, ಹೇಗೆ ಇಡಬೇಕು?

ನಮ್ಮ ಎರಡೂ ತಾಲ್ಲೂಕುಗಳಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ. ಮೇ ತಿಂಗಳ ಗುಡುಗು ಮಳೆ, ಬಳಿಕ ಸೆಪ್ಟೆಂಬರ್, ಅಕ್ಟೋಬರ್ ಮಳೆ ಸೌದೆಯ ಶತ್ರುಗಳು. ಆದ್ದರಿಂದ ಹಸಿ ಸೌದೆಯನ್ನು ಕೊಳ್ಳುವುದಾದರೆ ಡಿಸೆಂಬರ್, ಜನವರಿಯಲ್ಲಿ ಕೊಂಡು, ಕೂಡಲೇ ಮಣಿಕಟ್ಟಿನ ಗಾತ್ರಕ್ಕೆ ಸೀಳಿಸಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ನಡುವೆ ಗಾಳಿಯಾಡುವಂತೆ ಪೇರಿಸಬೇಕು. ಮೇಲೆ ತಗಡಿನ ಮಾಡು ಸಾಕು. ಸುತ್ತಲೂ ಟಾರ್ಪಾಲು ಬಿಗಿದರೆ ತೇವ ಒಳಗೇ ಉಳಿಯುತ್ತದೆ. ಸೀಳದ ಬೊಡ್ಡೆ ವರ್ಷವಾದರೂ ಒಳಗೆ ಹಸಿಯಾಗಿಯೇ ಇರುವುದುಂಟು.

ಮೇಲಿನ ಉದಾಹರಣೆಯ 10 ಟನ್ ಹಸಿ ಸೌದೆ ಒಣಗಿ 6,875 ಕೆ.ಜಿ. ಆದಾಗ ಅಸಲು ಕೆ.ಜಿ.ಗೆ 5 ರೂಪಾಯಿ 82 ಪೈಸೆ ಬೀಳುತ್ತದೆ. ಇದಕ್ಕೆ ಸೀಳುವ ಕೂಲಿ, ನಾಲ್ಕು ತಿಂಗಳ ಬಡ್ಡಿ ಸೇರಿಸಬೇಕು. ವರ್ಷಕ್ಕೆ ಶೇ. 12ರಂತೆ ಬಡ್ಡಿ 1,600 ರೂಪಾಯಿ, ಅಂದರೆ ಕೆ.ಜಿ.ಗೆ ಸುಮಾರು 23 ಪೈಸೆ. ಡಿಪೋದಲ್ಲಿ ನಿಜವಾಗಿಯೂ ಒಣಗಿದ ಸೌದೆ ಇದಕ್ಕಿಂತ ಕಡಿಮೆಗೆ ಸಿಕ್ಕರೆ ಅದನ್ನೇ ಕೊಳ್ಳುವುದು ಮೇಲು. ಸಿಗದಿದ್ದರೆ ತಾವೇ ಒಣಗಿಸುವುದು ಮೇಲು. ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಕೊಳ್ಳುವವರಿಗೆ ಒಂದು ಮಾತು: ತೂಕದಲ್ಲಿ ಕೊಂಡಾಗ ನೀರಿಗೆ ಹಣ ಕೊಡುವ ಅಪಾಯ, ಲೋಡಿನಲ್ಲಿ ಕೊಂಡಾಗ ತುಂಡುಗಳ ನಡುವಿನ ಗಾಳಿಗೆ ಹಣ ಕೊಡುವ ಅಪಾಯ. ಹಸಿ ಸೌದೆಯನ್ನು ಒತ್ತಾಗಿ ಪೇರಿಸಿದ ಲೋಡಿನಲ್ಲಿಯೂ, ಒಣ ಸೌದೆಯನ್ನು ವೇ ಬ್ರಿಡ್ಜ್ ತೂಕದಲ್ಲಿಯೂ ಕೊಳ್ಳುವುದು ಕೊಳ್ಳುವವರಿಗೆ ಅನುಕೂಲ.

ದಾಖಲೆಗಳು

ಖಾಸಗಿ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಅನ್ವಯಿಸುತ್ತದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಉಳಿದ ಜಾತಿಗಳ ವಿಷಯದಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಮಾರುವವರಿಂದ ಅನುಮತಿಯ ಪ್ರತಿ ಪಡೆದೇ ಕೊಳ್ಳಬೇಕು. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಭಾಗ ಬಂಡೀಪುರ ಅರಣ್ಯದ ಅಂಚಿನಲ್ಲಿರುವುದರಿಂದ ಈ ಎಚ್ಚರಿಕೆ ಇನ್ನೂ ಅಗತ್ಯ. ಮೂಲ ತಿಳಿಯದ ಅಗ್ಗದ ಸೌದೆ ಅಗ್ಗವಾಗಿ ಉಳಿಯುವುದಿಲ್ಲ.

ಆದಾಯ ತೆರಿಗೆ ಕಾನೂನಿನಂತೆ ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ 10,000 ರೂಪಾಯಿಗೆ ಮೀರಿ ನಗದು ಪಾವತಿಸಿದರೆ ಆ ಖರ್ಚು ಒಪ್ಪಿಗೆಯಾಗುವುದಿಲ್ಲ. ತಾನೇ ಬೆಳೆದ ಕೃಷಿ ಅಥವಾ ಅರಣ್ಯ ಉತ್ಪನ್ನವನ್ನು ಮಾರುವ ಬೆಳೆಗಾರನಿಗೆ ಕೊಟ್ಟ ಹಣಕ್ಕೆ ಇದರಿಂದ ವಿನಾಯಿತಿ ಉಂಟು. ಡಿಪೋ ವ್ಯಾಪಾರಿಗೆ ಕೊಟ್ಟದ್ದಕ್ಕೆ ಇಲ್ಲ. ಆದ್ದರಿಂದ ಚೀಟಿಯ ಮೇಲೆ ಮಾರಿದವರ ಹೆಸರು, ಊರು, ಜಮೀನಿನ ವಿವರ, ಮರದ ಜಾತಿ, ತೂಕದ ರಸೀದಿಯ ಸಂಖ್ಯೆ ಇರಲಿ. ಬ್ಯಾಂಕಿನ ಮೂಲಕ ಪಾವತಿಸಿದರೆ ಪ್ರಶ್ನೆಯೇ ಏಳುವುದಿಲ್ಲ.

ಕೊನೆಯದಾಗಿ ದಾಸ್ತಾನು ಪುಸ್ತಕ. ಬಂದ ತೂಕ, ವಿತರಿಸಿದ ತೂಕ ಎಂಬ ಎರಡು ಕಾಲಂಗಳ ಜೊತೆಗೆ ಬಂದಾಗಿನ ತೇವಾಂಶ, ವಿತರಿಸುವಾಗಿನ ತೇವಾಂಶ ಎಂಬ ಇನ್ನೆರಡು ಕಾಲಂಗಳನ್ನು ಎಳೆದುಕೊಳ್ಳಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ. ಒಣಗಿದ ನಷ್ಟ ಎಷ್ಟೆಂಬುದು ಆಗ ಲೆಕ್ಕದಿಂದಲೇ ತಿಳಿಯುತ್ತದೆ. ಅದನ್ನು ಮೀರಿದ ಕೊರತೆ ಕಂಡುಬಂದರೆ ಮಾತ್ರ ವಿಚಾರಣೆ ಮಾಡಬೇಕು. ಆ ಎರಡು ಕಾಲಂಗಳಿಲ್ಲದ ಕಾರಣ ನಂಜನಗೂಡಿನ ಆ ಉಗ್ರಾಣಿ ಹನ್ನೊಂದು ವರ್ಷದ ಪ್ರಾಮಾಣಿಕತೆಯನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಳ್ಳುವುದರಲ್ಲಿದ್ದ. ಈಗಲೂ ಆತ ಅದೇ ಹೋಟೆಲಿನಲ್ಲಿದ್ದಾನೆ. ಸೌದೆಯ ಲೋಡು ಬಂದ ದಿನ ಎರಡು ತುಂಡು ಬಡಿದು ಸದ್ದು ಕೇಳಿ, ಒಂದನ್ನು ಸೀಳಿ ನೋಡಿ, ಅನಂತರವೇ ಚೀಟಿಗೆ ಸಹಿ ಹಾಕುತ್ತಾನೆ. ಯಜಮಾನರು ಅದುವರೆಗೂ ಹಣ ಕೊಡುವುದಿಲ್ಲ.